ಚೀಲದ ಬಾಯಿ

ಬಿ.ಎಂ. ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಫೆಬ್ರವರಿ ಎಂದರೆ ಹೊಟ್ಟಿನ ಧೂಳು,
ರೆಪ್ಪೆಯ ಮೇಲೂ, ಕೀಬೋರ್ಡಿನ ಸಂದಿಯಲ್ಲೂ.
ನಾನು ರವಾನೆ ಗುಮಾಸ್ತ. ಹಾಸನದ ಕಾಫಿಯನ್ನು
ಮಂಗಳೂರಿನ ಕಂಪ್ಯೂಟರಿಗೆ ಅಕ್ಷರದಲ್ಲಿ ಕಳಿಸುವವನು.

ಆ ದಿನ ಕಡತ ಮೂರನೇ ಸಲ ವಾಪಸು ಬಂತು.
"ತೆರೆದದ್ದು ಮುಚ್ಚಿಲ್ಲ."
ಅಷ್ಟೇ. ಯಾವುದು, ಎಲ್ಲಿ, ಒಂದು ಮಾತಿಲ್ಲ.
ಲಾರಿಯವನು ಎರಡನೇ ಟೀ ಮುಗಿಸಿ ಹಾರ್ನ್ ಒತ್ತಿದ.

ದಬ್ಬಣವನ್ನು ಸೆರಗಿಗೆ ಚುಚ್ಚಿಕೊಂಡು
ಹಲೀಮಾಬಿ ಬಾಗಿಲಿಗೆ ಬಂದರು.
"ಏನು ಸಾರ್, ಮಿಷನ್ ಮುನಿಸಿಕೊಂಡಿತಾ?"

ಇದಕ್ಕೆ ಎಲ್ಲವನ್ನೂ ಹೆಸರಿಟ್ಟೇ ಹೇಳಬೇಕಮ್ಮ.
ಬರೀ ಐವತ್ತು ಎಂದರೆ ತಿಳಿಯದು:
ಐವತ್ತು ಕಿಲೋನೋ, ಚೀಲವೋ, ನಿಮ್ಮ ವಯಸ್ಸೋ.
ಅದಕ್ಕೇ ಮುಂದೊಂದು ಚೀಟಿ, ಹಿಂದೊಂದು ಚೀಟಿ
<ತೂಕ>50</ತೂಕ>
ಮುಂದಿನದು ಬಾಯಿ ತೆರೆಯುತ್ತದೆ, ಹಿಂದಿನದು
ಓರೆಗೆರೆ ಎಳೆದು ಮುಚ್ಚುತ್ತದೆ.
ತೂಕ ಚೀಲದೊಳಗೆ, ಚೀಲ ಲಾಟಿನೊಳಗೆ,
ಲಾಟು ಲಾರಿಯೊಳಗೆ. ಒಳಗಿನದು ಮುಚ್ಚದೆ
ಹೊರಗಿನದನ್ನು ಮುಚ್ಚುವ ಹಾಗಿಲ್ಲ.

"ಇಪ್ಪತ್ತಾರು ವರ್ಷದಿಂದ ನಾನು ಮಾಡೋದು ಇನ್ನೇನು?
ಪೀಬೆರಿ ತುಂಬಿ ಬಾಯಿ ಹೊಲೀದೆ ಅಟ್ಟಿಗೆ ಏರಿಸಿದರೆ
ಕೆಳಗೆ ನಿಂತವನ ಕತ್ತಿನ ತುಂಬಾ ಕಾಳು."

ಇಂಗ್ಲಿಷ್ ಓದಲು ಬಾರದು, ಜೋಡಿ ಎಣಿಸಲು ಬರುತ್ತದೆ.
ಪರದೆಯ ಮೇಲೆ ಬೆರಳು ಇಳಿಸುತ್ತ, ಇಳಿಸುತ್ತ
"ಇಲ್ಲಿ ನೋಡಿ. ಈ ಬಾಯಿಗೆ ದಾರ ಇಲ್ಲ."
ಹೌದು. ಆಲೂರಿನ ಯಾರದೋ ಹದಿನೇಳು ಚೀಲ ಚೆರಿ,
ತೇವಾಂಶ ಹತ್ತೂವರೆ ಎಂದು ಬರೆದು ಹಾಗೇ ಬಿಟ್ಟಿದ್ದೆ.
ಅದರಾಚೆಯ ಬೇಲೂರು, ಬಿಕ್ಕೋಡು, ಅರೇಹಳ್ಳಿ,
ಇನ್ನೂರು ಸಾಲೂ ಆ ಒಂದೇ ತೇವದಲ್ಲಿ ಮುಳುಗಿದ್ದವು.

ಮುಚ್ಚುವ ಚೀಟಿ ಹಚ್ಚಿದೆ. ಮಂಗಳೂರು ಸರಿ ಎಂದಿತು.

ಹೊರಟವರು ತಿರುಗಿ ನಿಂತರು.
"ಹೊಲಿದವರ ಹೆಸರಿಗೆ ಅದರಲ್ಲಿ ಜಾಗ ಇದೆಯಾ?"
ನಮೂನೆ ಬಿಚ್ಚಿ ನೋಡಿದೆ. ಬೆಳೆದವರಿಗಿದೆ, ಕೊಂಡವರಿಗಿದೆ,
ಲಾರಿಯ ನಂಬರಿಗಿದೆ, ಚೀಲದ ಸೆಣಬಿಗೂ ಇದೆ.
ನಾನೇ ಒಂದು ಚೀಟಿ ಹುಟ್ಟಿಸಬಹುದು.
ಅತ್ತಲಿನವರು ಒಪ್ಪದ ಹೆಸರಾದರೆ
ಕಡತ ಮತ್ತೆ ಇತ್ತಲೇ ಬಂದು ಬೀಳುತ್ತದೆ.

ಒಂದು ಸಂದಿ ಮಾತ್ರ ಇದೆ. ಮನುಷ್ಯರಿಗೆಂದೇ ಬಿಟ್ಟ ಟಿಪ್ಪಣಿ;
ಮಿಷನ್ ಅದನ್ನು ತುಳಿಯದೆ ದಾಟಿ ಹೋಗುತ್ತದೆ.
ಮರುದಿನ, ಮೊದಲ ಚೀಲಕ್ಕೂ ಮುಂಚೆ:

<!-- ಬಾಯಿ ಹೊಲಿದವರು: ಹಲೀಮಾಬಿ, ಪೆನ್ಷನ್ ಮೊಹಲ್ಲಾ -->

ಅಲ್ಲಿ ಯಾರಾದರೂ ಬಿಚ್ಚಿ ಓದಿದರೋ ಇಲ್ಲವೋ,
ಬಂದದ್ದು ಎಂದಿನ ಸರಿ.
ಹೇಳಿದೆ. "ಸರಿ ಅಂದರೆ ಸರಿ" ಎಂದು
ದಾರದ ತುದಿ ನೆಕ್ಕಿ
ದಬ್ಬಣದ ಕಣ್ಣಿಗೆ ಪೋಣಿಸಿದರು.