ತಲೆಕೆಳಗಾದ ಗಡಿಯಾರ

ಔಲುವಿನ ಡಿಸೆಂಬರ್. ಬೆಳಗಿನ ಒಂಬತ್ತಾದರೂ
ಕಿಟಕಿಯಾಚೆ ಕತ್ತಲು ಕದಲಿಲ್ಲ.
ನನಗೀಗ ಒಂದು ಕೋಣೆಯಿದೆ, ಬಾಗಿಲ ಮೇಲೆ ಹೆಸರಿದೆ:
ಸಿರ್ಪಾ ಕೆಂಪ್ಪೈನೆನ್, ವಾರ್ಡಿನ ಮುಖ್ಯಸ್ಥೆ.
ಸಮವಸ್ತ್ರ ಕಳಚಿ ಹದಿನಾಲ್ಕು ತಿಂಗಳು.
ಎದೆಗೆ ಚುಚ್ಚಿಕೊಳ್ಳುವ ಗಡಿಯಾರವೊಂದನ್ನು ಮಾತ್ರ
ಸ್ವೆಟರಿಗೆ ವರ್ಗ ಮಾಡಿಕೊಂಡೆ.
ಎದುರಿನವರಿಗೆ ತಲೆಕೆಳಗು,
ಬಗ್ಗಿ ನೋಡುವ ನನಗಷ್ಟೇ ನೇರ.

ಫೋನು. ತೈನಾಳ ಮಗನಿಗೆ ಜ್ವರ, ರಾತ್ರಿ ಪಾಳಿಗೆ ಬರಲಾರಳು.
"ಇರಲಿ ಬಿಡು, ಮಗೂನ ನೋಡಿಕೋ" ಅನ್ನುತ್ತದೆ ನಾಲಿಗೆ;
ಕೈ ಆಗಲೇ ಪಾಳಿಪಟ್ಟಿ ತೆರೆದು
ಯಾರ ರಜೆ ಮುರಿಯಲಿ ಎಂದು ಹುಡುಕುತ್ತಿದೆ.
ಒಂದು ಕಾಲಕ್ಕೆ ಆ ರಜೆ ನನ್ನದಾಗಿತ್ತು.
ಮುರಿದವಳನ್ನು ಕಾಫಿ ಕೋಣೆಯಲ್ಲಿ ಕೂತು
ಹುರಿದು ಮುಕ್ಕುತ್ತಿದ್ದೆವು.
ಈಗ ನಾನು ಹೊಕ್ಕರೆ ಅಲ್ಲಿ
ಚಮಚಗಳ ಸದ್ದು ಮಾತ್ರ.
ಯಾರೋ ಏಳುತ್ತಾರೆ. ಬೇಡ ಕೂತ್ಕೋ ಅಂದರೂ ಏಳುತ್ತಾರೆ.

ಮೇಲಿನ ಮಹಡಿಯ ಸಭೆಯಲ್ಲಿ ನಾನು ದಾದಿಯರ ಕಡೆಯವಳು.
ಕೆಳಗೆ ಬಂದರೆ ಅವರ ಕಡೆಯವಳು.
ಮೆಟ್ಟಿಲ ಮೇಲಿರುವಷ್ಟು ಹೊತ್ತು ಯಾರ ಕಡೆಯೂ ಅಲ್ಲ,
ಅದಕ್ಕೇ ಲಿಫ್ಟು ಹತ್ತುವುದಿಲ್ಲ.

ರಾತ್ರಿಗೆ ಯಾರೂ ಸಿಗಲಿಲ್ಲ.
ಮಧ್ಯಾಹ್ನ ಮನೆಗೆ ಹೋಗಿ ಮಲಗೆದ್ದು ನಾನೇ ಬಂದು ನಿಂತೆ.
ಹಳೆಯ ನೀಲಿ ಅಂಗಿ, ತೋಳಲ್ಲಿ ಬಿಗಿ.
ಔಷಧಿ ಕಪಾಟಿಗೆ ಕಾರ್ಡು ಹಿಡಿದೆ: ಕೆಂಪು ದೀಪ.
ಮತ್ತೆ ಹಿಡಿದೆ. ಕೆಂಪು.
ಕಪಾಟು ತೆರೆಯಬಲ್ಲವರ ಪಟ್ಟಿಯಿಂದ ನನ್ನನ್ನು ತೆಗೆದ ಕಾಗದಕ್ಕೆ
ಸಹಿ ಹಾಕಿದ್ದು ನಾನೇ,
ಮಾರ್ಚಿನಲ್ಲಿ, ಇನ್ನಿಪ್ಪತ್ತು ಕಾಗದಗಳ ಜೊತೆ, ಓದದೆ.
ಇನ್ಕೇರಿ ತನ್ನ ಕಾರ್ಡಿನಿಂದ ತೆರೆದುಕೊಟ್ಟಳು,
ಹೊಸ ಹುಡುಗಿ.
ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಏಳನೇ ಹಾಸಿಗೆಯ ಮುದುಕ, ಇನಾರಿಯವನು,
ಹಿಮಸಾರಂಗ ಕಾಯುತ್ತಿದ್ದವನು,
ನಿದ್ದೆಗಣ್ಣಲ್ಲೇ ಕೈ ಚಾಚಿದ.
ಮಣಿಕಟ್ಟಿಗೆ ಮೂರು ಬೆರಳಿಟ್ಟು
ಎದೆಯ ಗಡಿಯಾರಕ್ಕೆ ಬಗ್ಗಿದೆ.
ಬೆರಳು ಏನನ್ನೂ ಮರೆತಿರಲಿಲ್ಲ.
ಎಪ್ಪತ್ತೆಂಟು. ನಡುವೆ ಎರಡು ತಪ್ಪಿದ ಬಡಿತ.
"ನೀನು ದಾದಿಯೇನು?" ಅಂದ.
"ಈ ರಾತ್ರಿ" ಅಂದೆ.
ಎಪ್ಪತ್ತೆಂಟನ್ನು ಇನ್ಕೇರಿ ಬರೆದುಕೊಂಡಳು,
ತನ್ನ ಹೆಸರಿನಲ್ಲಿ. ನಿಯಮ ಹಾಗಿದೆ.

ಹೆಪ್ಪುಗಟ್ಟಿದ ನದಿ ದಾಟಿ ಸೈಕಲ್ ತುಳಿಯುತ್ತ
ಎಣಿಸುತ್ತಲೇ ಇದ್ದೆ, ಏನನ್ನು ಅಂತ ಗೊತ್ತಿಲ್ಲದೆ,
ಅರವತ್ತೊಂದು, ಅರವತ್ತೆರಡು.
ನಾಳೆ ಹತ್ತಕ್ಕೆ ಬಜೆಟ್ ಸಭೆ.
ಈಗೆಷ್ಟು ಗಂಟೆಯೋ; ನೋಡಬೇಕೆಂದರೆ
ಕೋಟಿನ ನಾಲ್ಕು ಗುಂಡಿ ಬಿಚ್ಚಬೇಕು,
ಈ ಚಳಿಯಲ್ಲಿ.