ಮಗ್ಗ ನಿಂತ ಹೊತ್ತು

ಗುಳೇದಗುಡ್ಡದ ಓಣಿಯೊಳಗೆ, ಮಟಮಟ ಮಧ್ಯಾಹ್ನ,
ಶಾಕವ್ವನ ಕುಣಿಮಗ್ಗದ ಮನೆ.
ಒಳಗೆ ಬಾವಿಯಂಥ ಕತ್ತಲು,
ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು.
ಕಿಟಕಿ ಕಂಡರೆ ಶಾಕವ್ವ ಇಲ್ಲ,
ಶಾಕವ್ವ ಕಂಡರೆ ಕಿಟಕಿ ಇಲ್ಲ.

ಮೂರು ಕಾಲಿನ ಸ್ಟ್ಯಾಂಡು ಊರಿ
"ಯವ್ವಾ, ಒಂದೀಟು ಅಲುಗಾಡಬ್ಯಾಡ" ಅಂದೆ.
"ಎಷ್ಟೊತ್ತು?"
"ಒಂದು ತುತ್ತು ನುಂಗೂವಷ್ಟು."

ಲಾಳಿ ನಿಂತಿತು.

ಬೆಳಕನ್ನು ಗುಟುಕು ಕುಡಿದದ್ದೊಂದು,
ಹದವಾಗಿ ಕುಡಿದದ್ದೊಂದು,
ಕಂಠಮಟ್ಟ ಕುಡಿದದ್ದೊಂದು.
ಮೂರನ್ನೂ ಕೂಡಿಸಿ ಒಂದೇ ಫೈಲು ಮಾಡಿ
ಚೊಕ್ಕ ಚಿತ್ರ ತೋರಿಸಿತು ಕ್ಯಾಮೆರಾ:
ಹಾಸಿನ ಎಳೆ ಎಳೆ ಎಣಿಸಬಹುದು,
ಹೊರಗಿನ ಬೇವಿನ ಎಲೆ ಎಲೆ ಎಣಿಸಬಹುದು.
ನೇಕಾರ ಸಂಘದ ಕಾರ್ಯದರ್ಶಿ ಮೆಚ್ಚಿ
ಕ್ಯಾಲೆಂಡರಿನ ಆಷಾಢಕ್ಕೆ ಇದೇ ಇರಲಿ ಎಂದರು.

ಶಾಕವ್ವ ಮಾತ್ರ ಪ್ರಿಂಟನ್ನು ತಿರುಗಿಸಿ, ಮರುಗಿಸಿ,
"ಚಂದ ಐತಿ. ಯಾರ ಮನಿ ಇದು?"
"ನಿಂದ ಯವ್ವಾ."
"ಮತ್ತ ಗುರಸಿದ್ಧ ಎಲ್ಲಿ?"

ಯಾವ ಗುರಸಿದ್ಧ?

"ಮಳಿಯಪ್ಪನ ಮಗ. ಕಿಟಕ್ಯಾಗ ನಿಂತಿದ್ದ.
ಮಗ್ಗ ನಿಂತ್ರ ಸಾಕು, ಮುದುಕಿ ಏನಾದ್ಳೋ ಅಂತ
ಓಡಿ ಬಂದು ಸರಳಿಗೆ ಮುಖ ಇಡ್ತಾನ.
ಸಪ್ಪಳ ಸುರು ಆದ್ರ ಹೋಕ್ಕಾನ."

ಅಲುಗಾಡಿದ್ದನ್ನೆಲ್ಲ ಭೂತವೆಂದು ಎಣಿಸಿ
ಬಿಡಿಸುವ ಮಂತ್ರವಾದಿಯೊಬ್ಬ ಕ್ಯಾಮೆರಾದೊಳಗಿದ್ದಾನೆ.
ಅವನ ಮನೆಯ ಚೌಕದಲ್ಲಿ ಟಿಕ್ಕು ಹಾಕಿ
ವೀಳ್ಯ ಕೊಟ್ಟವನು ನಾನೇ.

ರಾತ್ರಿ ಬಾಗಲಕೋಟೆ, ನವನಗರದ ಬಾಡಿಗೆ ಕೋಣೆ.
ಅಪ್ಪ ಈಗಲೂ ವಿಳಾಸ ಕೇಳಿದರೆ
ನೀರೊಳಗಿನ ಓಣಿಯ ಹೆಸರೇ ಹೇಳುತ್ತಾನೆ.
ಮುಳುಗಿದ್ದು ಹೋದಂಗಲ್ಲ ಅನ್ನುತ್ತಾನೆ.
ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪಿಸಿದೆ,
ಕಾಗುಣಿತ ತಪ್ಪಿ ಬೈಸಿಕೊಂಡೆ,
ಮತ್ತೆ ಟೈಪಿಸಿದೆ. ಫ್ಯಾನು ಗೊರಗುಟ್ಟಿತು.
ಒಂದು ಫೈಲಿನ ಹೊಟ್ಟೆಯಿಂದ
ಮೂರು ಹೊರಬಿದ್ದವು, ಬಾಲಕ್ಕೆ ಅಂಕಿ ಕಟ್ಟಿಕೊಂಡು:
ಸೊನ್ನೆ, ಒಂದು, ಎರಡು.
ಗಣಕದ ಎಣಿಕೆ ಶುರುವಾಗುವುದೇ ಏನೂ ಇಲ್ಲದಲ್ಲಿಂದ.

ಸೊನ್ನೆ: ಮನೆಯೆಲ್ಲ ಮಸಿ.
ಕಿಟಕಿಯಲ್ಲಿ ಹುಡುಗ,
ಬೆನ್ನಿಗೆ ಬಿಸಿಲು ಬಿದ್ದು ಕಿವಿಯೊಂದು
ದಾಸವಾಳದಂತೆ ಕೆಂಪು.

ಒಂದು: ತಿರುಗಿದ್ದಾನೆ. ಅರ್ಧ ಹುಡುಗ, ಅರ್ಧ ಬೇವು.

ಎರಡು: ಕಿಟಕಿ ಸುಣ್ಣದ ಹಾಗೆ ಬಿಳಿ, ಯಾರಿಲ್ಲ.
ಒಳಗೆ ಎಲ್ಲ ಉಂಟು.
ಗೂಡಿನ ಚಿಮಣಿ, ಗೂಟಕ್ಕೆ ತೂಗಿದ ಕೊಡೆ,
ಕುಣಿಯೊಳಗಿನ ಪಾದ, ಕಾಲ್ಬೆರಳ ಸುತ್ತುಂಗುರ.
ಮತ್ತು ಬಲಗೈ? ಬರೀ ಹೊಗೆ.
ತುತ್ತು ನುಂಗುವಷ್ಟರಲ್ಲೇ ಬೇಸತ್ತು
ಲಾಳಿ ಎಳೆದುಬಿಟ್ಟಿದ್ದಳು.

ಅಂದರೆ, ಸದ್ದು ನಿಂತದ್ದು, ಹುಡುಗ ಬಂದದ್ದು,
ಸದ್ದು ಎದ್ದದ್ದು, ಹುಡುಗ ಹೋದದ್ದು,
ಕಿವಿಯಿಲ್ಲದ ಪೆಟ್ಟಿಗೆ
ಎಲ್ಲ ಬರೆದಿಟ್ಟುಕೊಂಡಿತ್ತು.
ಕೈ ನಿಂತು, ಕಿಟಕಿ ಖಾಲಿ ಇದ್ದ ಆ ಚೊಕ್ಕ ಗಳಿಗೆ
ಗುಳೇದಗುಡ್ಡದಲ್ಲಿ ಆಗಿಯೇ ಇರಲಿಲ್ಲ.

ಸೋಮವಾರ ಮೂರೂ ಒಯ್ದೆ.
"ಖಣ ಬಿಚ್ಚಿದ್ರ ನೂಲ ಉಳೀತೈತಿ, ಖಣ ಹೋಗತೈತಿ.
ನಿಂದು ಬಿಚ್ಚಿದ್ರೂ ಇದ್ದಂಗ ಐತಲ್ಲೋ" ಅಂತ ಬೆರಗಾಗಿ
ಮಸಿಯ ಚಿತ್ರವನ್ನೇ ಎತ್ತಿಕೊಂಡಳು.
"ಅದರಾಗ ನೀ ಕಾಣ್ಸಂಗಿಲ್ಲ ಯವ್ವಾ."
"ಆಂವ ಯಾರನ್ನ ನೋಡಾಕತ್ತಾನ?"
"ನಿನ್ನ."
"ಮತ್ತ?"

ಗೂಡಿನಲ್ಲಿ, ಚಿಮಣಿಗೆ ಒರಗಿಸಿ ಇಟ್ಟಳು.
ಕ್ಯಾಲೆಂಡರಿಗೆ ಬೇರೆ ಕೊಡಲೇ ಎಂದು ಕೇಳಿದ್ದಕ್ಕೆ
ಅವರದ್ದು ಅವರು ನೋಡ್ಕೊಳ್ಳಲಿ ಅಂದಳು.

ಇಷ್ಟು ಮಾತಿನ ಉದ್ದಕ್ಕೂ
ಮಗ್ಗ ನಿಂತೇ ಇತ್ತು.
ನನ್ನ ಬೆನ್ನ ಹಿಂದೆ ಕೋಣೆ ತುಸು ಕತ್ತಲಾಗಿತ್ತು.
ಅವಳು ಕುಣಿಗೆ ಕಾಲಿಳಿಸಿ
ಒಮ್ಮೆ ಲಾಳಿ ಎಳೆದಳು, ಇನ್ನೊಮ್ಮೆ.
ತಿರುಗಿ ನೋಡಲಿಲ್ಲ ನಾನು.
ನೆಲದ ಮೇಲೆ ಸರಳಿನ ನೆರಳು
ಮತ್ತೆ ಬರೀ ಸರಳಿನ ನೆರಳಾಯಿತು.