ತೂತಿಲ್ಲದ ಡಬ್ಬಿ

ಬೇಸು ಬೇಕು ಅಂದೆ, ಅಷ್ಟೇ.
ಕೌಲ್‌ಬಜಾರಿನ ಜೀಲಾನಿ ಹನ್ನೆರಡಿಂಚಿನ ಸ್ಪೀಕರನ್ನು
ಕೂಸಿನ ಹಾಗೆ ಎರಡೂ ಕೈಲಿ ಎತ್ತಿ ಕೊಟ್ಟ.
"ಇದಕ್ಕೊಂದು ಮನೆ ಕಟ್ಟಿಸ್ಬೇಕು ಅಣ್ಣಾ.
ಬಯಲಲ್ಲಿಟ್ರೆ ಬರೇ ಕಾಗದ, ಬರೇ ಅಯಸ್ಕಾಂತ.
ಮೌನೇಶಾಚಾರಿ ಹತ್ರ ಹೋಗು."

ಸದ್ದಿನ ಪೆಟ್ಟಿಗೆ ಮಾಡುವವನ ಹೆಸರು ಮೌನೇಶ.
ನಗು ಬಂತು. ಎಲ್ಲರೂ ನಕ್ಕು ನಕ್ಕು
ಅವನಿಗೆ ಸಾಕಾಗಿಹೋಗಿದೆಯಂತೆ.

ಹಳೇ ಇಂಡಿಕಾದ ಡಿಕ್ಕಿಗೆ ಟೇಪು ಬಿಚ್ಚಿದ.
ಒಳಗೆ ನೀರಿನ ಕ್ಯಾನು, ಒಂದು ಚಪ್ಪಲಿ,
ವಾಷಿಂಗಿಗೆ ಹೊರಟ ಜೀನ್ಸಿನ ಬಂಡಲ್ಲು ಆರು, ನನ್ನ ಹೊಟ್ಟೆಪಾಡು.
"ತೂತಿನ ಡಬ್ಬಿ ಆದ್ರ ಎರಡು ಘನ ಅಡಿ, ನಾಕು ಬಂಡಲ್ ಹೊರಗ.
ಮುಚ್ಚಿದ್ದಾದ್ರ ಒಂದೂಕಾಲು, ಎರಡು ಹೊರಗ.
ಆದ್ರ ತೂತಿದ್ರ ಒಳಗಿನ ಗಾಳಿನೂ ದುಡೀತೈತಿ ನೋಡ್ರಿ,
ಡೊಳ್ಳಿನಂಗ ಗುಂಯ್ ಅಂತ ಓಣಿ ತುಂಬ ಹರೀತೈತಿ.
ಮುಚ್ಚಿದ್ದು ಹಲಗಿ ಪೆಟ್ಟು. ಬಿತ್ತು, ಮುಗೀತು,
ಸಾಲ ಉಳಸಂಗಿಲ್ಲ.
ಹುಡುಗ್ರೆಲ್ಲ ತೂತೇ ಕೇಳ್ತಾರ."
ಅಷ್ಟರಲ್ಲೇ ಡ್ರಿಲ್ಲಿಗೆ ಪ್ಲಗ್ಗು ಹಾಕಿ ತಿರುಗಿಸಿಬಿಟ್ಟ.

ನಾನು ಕೈ ಅಡ್ಡ ಇಟ್ಟೆ.

ಸಂಡೂರಿನ ಗುಡ್ಡದಲ್ಲಿ ಒಂಬತ್ತು ವರ್ಷ
ಡ್ರಿಲ್ಲು ಹಿಡಿದವನು. ದಿನಕ್ಕೆ ನಲವತ್ತು ತೂತು.
ಕೆಂಪು ನೆಲದಲ್ಲಿ ಬಾಯಿ ಬಿಟ್ಟುಕೊಂಡು ಸಾಲಾಗಿ ಕಾಯುತ್ತಿದ್ದವು.
ಮದ್ದು ತುಂಬುವವರು ಬೇರೆ,
ಸೀಟಿ ಊದುವವನು ಬೇರೆ,
ನನ್ನದು ತೂತು ಮಾತ್ರ.
ಕೊನೆಕೊನೆಗೆ ಸೀಟಿ ಕೇಳಿಸದಾಯಿತು.
ಬೇರೆಯವರು ಓಡುವುದು ನೋಡಿ ಓಡುತ್ತಿದ್ದೆ.

ವಿಮ್ಸಿನ ಡಾಕ್ಟರಮ್ಮ ನನ್ನ ಕಿವಿಯ ನಕ್ಷೆ ತೋರಿಸಿದರು.
ಎಡಕ್ಕೆ ಸಪಾಟು, ಬಲಕ್ಕೆ ಹೋದಂತೆ
ಬೆಂಚು ಬೆಂಚಾಗಿ ಕಡಿದ ಗಣಿ.
"ದಪ್ಪ ಸದ್ದು ಉಳಿದಿದೆ, ಸಣ್ಣದು ಹೋಗಿದೆ."
ಸಣ್ಣದು ಅಂದರೆ
ಕುಕ್ಕರು, ಗುಬ್ಬಿ, ಬಳೆ,
ಹೆಂಡತಿಯ ಬಾಯಲ್ಲಿ ಸ, ಶ.
ಉಳಿದದ್ದಕ್ಕಾದರೂ ಒಂದು ಮನೆ ಇರಲಿ ಅಂತ ಬಂದಿದ್ದೆ.

"ತೂತು ಬೇಡ."
"ಸ್ಪೀಕರ್ ಕೂಡ್ಸಾಕರ ಒಂದು ಬೇಕಲ್ರಿ?"
"ಅದು ತೂತಲ್ಲ, ಬಾಗಿಲು. ಕಾಯೋಕೆ ಆಳಿರ್ತಾನೆ."
ಆಚಾರಿ ನನ್ನನ್ನೊಮ್ಮೆ ನೋಡಿ
ಆಮೇಲೆ ಏನೂ ಕೇಳಲಿಲ್ಲ. ಹೆಸರು ಉಳಿಸಿಕೊಂಡ.

ಹದಿನೆಂಟು ಎಂಎಂ ಹಲಗೆ, ನಾಲ್ಕು ಬೆರಳಿಗೊಂದು ಸ್ಕ್ರೂ,
ಸಂದಿಗೆ ಫೆವಿಕಾಲು, ಮೇಲೆ ಸಿಲಿಕಾನು.
ಒಳಗೆ ತುಂಬಲು ಅರಳೆ ತನ್ನಿ ಅಂದ.
ಅರಳೆ ತುಂಬಿದರೆ ಸಣ್ಣ ಮನೆಯೂ
ಸದ್ದಿಗೆ ದೊಡ್ಡದಾಗಿ ತೋರುತ್ತದಂತೆ.
ಇದನ್ನು ಹುಲಿಗೆಮ್ಮನಿಗೆ ಹೇಳಿದೆ.
ಐದು ಜನ ಮಲಗುವ ಹತ್ತು-ಹನ್ನೆರಡರ ರೂಮನ್ನು
ಒಂದು ಸುತ್ತು ನೋಡಿದಳು.
"ಹಂಗಾರ ಇಲ್ಲಿಗೂ ತುಂಬಸ್ರಿ" ಅಂದು
ಹಳೇ ತಲೆದಿಂಬು ಬಿಚ್ಚಿ ಕೊಟ್ಟಳು.

ಕೊನೆಗೆ ಆಚಾರಿ ಊದಿನಕಡ್ಡಿ ಹಚ್ಚಿದ. ಪೂಜೆಗಲ್ಲ.
ಸ್ಪೀಕರನ್ನು ಮೆಲ್ಲಗೆ ಒತ್ತುತ್ತ
ಸಂದಿಸಂದಿಗೂ ಹೊಗೆ ಹಿಡಿದು ಬಂದ.
ಒಂದು ಮೂಲೆಯಲ್ಲಿ ಹೊಗೆ ಕತ್ತು ಕೊಂಕಿಸಿತು.
ಮತ್ತೊಂದು ಗೆರೆ ಸಿಲಿಕಾನು.
ಆಮೇಲೆ ನೆಟ್ಟಗೆ, ಸುಮ್ಮನೆ, ಮೇಲಕ್ಕೆ.

ಗುಗ್ಗರಹಟ್ಟಿ ದಾಟಿದ ಮೇಲೆ ಹಾಕಿದೆ.
ಬೆನ್ನಿಗೆ ಬಂತು ಮೊದಲು,
ಆಮೇಲೆ ಪಕ್ಕೆಗೆ, ಹಲ್ಲಿಗೆ.
ಮೆಲುಕು ಹಾಕುವ ಎಮ್ಮೆಗೆ ಒರಗಿ ಕೂತ ಹಾಗೆ.
ಎಷ್ಟು ವರ್ಷವಾಗಿತ್ತು
ಯಾರೂ ಓಡದೆ ಇರುವಾಗ ಒಂದು ಸದ್ದು ಕೇಳಿ.

ಹುಲಿಗೆಮ್ಮ ಭುಜ ತಟ್ಟಿದಳು.
ಹಿಂದೆ ಏನೋ ಗಿಲಗಿಲ ಅಂತೈತಿ, ನಿಲ್ಲಸ್ರಿ.
ನನಗೇನೂ ಇಲ್ಲ. ಅವಳೇ ಇಳಿದು ಕಂಡುಹಿಡಿದಳು:
ನಂಬರ್ ಪ್ಲೇಟು.
ಕಟಿಂಗಿನ ಜೀನ್ಸ್ ಚೂರೊಂದನ್ನು ಮಡಚಿ
ಪ್ಲೇಟಿನ ಹಿಂದೆ ತುರುಕಿ ಮತ್ತೆ ಹಾಕಿದೆ.

"ನಿಂತಿತಾ?"

ಸೆರಗು ಕಿವಿಯಿಂದ ಸರಿಸಿ, ಬಾಗಿ, ತುಸು ಹೊತ್ತು ಕೇಳಿ
ಅಂಗೈ ಅಲ್ಲಾಡಿಸಿದಳು: ಇನ್ನೂ ಚೂರು ಐತಿ.

ಡಿಕ್ಕಿಯಲ್ಲಿ ತಡಕಾಡುತ್ತಿದ್ದೇನೆ,
ಇನ್ನೊಂದು ತುಂಡು ಬಟ್ಟೆಗೆ.